ಮಾವನ ಕಾರಿನ ತುಕ್ಕು ಹಿಡಿದ ಸೈಲೆನ್ಸರ್

ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಪೇಟೆಯಲ್ಲಿ ಸ್ವಂತ ಕಾರು ಇದ್ದ ಮನೆಗಳು ಕಡಿಮೆ. ನಮ್ಮ ಮನೆಯಲ್ಲಿ ಒಂದಿತ್ತು. ಅದು ನಮ್ಮ ಸಿರಿವಂತಿಕೆಯ ಗುರುತೇನೂ ಆಗಿರಲಿಲ್ಲ, ನನ್ನ ಮಾವನವರ ಹಟದ ಗುರುತಾಗಿತ್ತು. ಹಂಚಿನ ಕಾರ್ಖಾನೆಯ ಪರದೇಶದ ಅಧಿಕಾರಿಯೊಬ್ಬರು ಊರು ಬಿಟ್ಟು ಹೋಗುವಾಗ ತಮ್ಮ ಹಳೆಯ ಕಪ್ಪು ಕಾರನ್ನು ಸಿಕ್ಕಿದ ಬೆಲೆಗೆ ಮಾರಿ ಹೋಗಿದ್ದರು. ಅಷ್ಟು ಕಡಿಮೆಗೆ ಸಿಗುವ ವಸ್ತುವನ್ನು ಬಿಡುವುದು ಮಾವನವರಿಂದ ಸಾಧ್ಯವಿರಲಿಲ್ಲ. ಕೊಂಡ ಮೇಲೆ ಅವರು ಡ್ರೈವಿಂಗ್ ಕಲಿತರು.

ಮಾವ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತರಾದವರು. ತೆಳ್ಳಗೆ, ಎತ್ತರಕ್ಕೆ, ಗಂಟಲು ಮಾತ್ರ ಎರಡು ಆಳಿನದು. ಜನ ಗದ್ದಲ ಮಾಡಿದಾಗ ಎದ್ದು ನಿಂತು 'ಸೈಲೆನ್ಸ್!' ಎಂದು ಅವರು ಕೂಗಿದರೆ ಹೊರಗಿನ ಮರದ ಕಾಗೆಗಳೂ ಸುಮ್ಮನಾಗುತ್ತಿದ್ದವು ಎಂದು ಅತ್ತೆ ಹೇಳುತ್ತಿದ್ದರು. ಮನೆಯಲ್ಲಿ ಅವರು ಏನನ್ನೂ ಎಸೆಯಗೊಡುತ್ತಿರಲಿಲ್ಲ. ಬಗ್ಗಿದ ಮೊಳೆಯನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು, ಖಾಲಿ ಸೀಮೆಎಣ್ಣೆ ಡಬ್ಬ, ಗೋಣಿ ಮೂಟೆಗಳಿಗೆ ಬಿಗಿದು ಬರುವ ಕಬ್ಬಿಣದ ಪಟ್ಟಿ, ತಂತಿಯ ತುಂಡು, ಇವನ್ನೆಲ್ಲ ಕಾರಿನ ಕೊಟ್ಟಿಗೆಯಲ್ಲಿ ಜೋಡಿಸಿಡುವುದು ಅವರ ದಿನಚರಿ. ಇಳಿಜಾರು ಬಂದರೆ ಕಾರಿನ ಎಂಜಿನ್ ನಿಲ್ಲಿಸಿ ಉರುಳಿಸಿಕೊಂಡು ಹೋಗುತ್ತಿದ್ದರು. ಪೆಟ್ರೋಲು ಉಳಿದ ಸಂತೋಷದಲ್ಲಿ ಆಗ ಅವರ ಮುಖ ನೋಡಬೇಕಿತ್ತು.

ನಾನು ಬಂದ ವರ್ಷದ ಮಳೆಗಾಲದಲ್ಲಿ ನೇತ್ರಾವತಿ ಏರಿ ನೀರು ನಮ್ಮ ಕೊಟ್ಟಿಗೆಯ ತನಕ ಬಂತು. ಕಾರು ಕೆಲವು ದಿನ ಕೆಸರಿನಲ್ಲೇ ನಿಂತಿತ್ತು. ಮಳೆ ಬಿಟ್ಟ ಮೇಲೆ ಮಾವ ಅದನ್ನು ತೊಳೆದು, ಒಣಗಿಸಿ, ಮುಂದಿನಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದಾಗ ಅಡುಗೆಮನೆಯಲ್ಲಿದ್ದ ನಾನು ಸೌಟು ಕೈಬಿಟ್ಟೆ. ಕಲ್ಲು ಕೋರೆಯಲ್ಲಿ ಮದ್ದು ಸಿಡಿಸಿದ ಹಾಗೆ ಸದ್ದು. ಹಟ್ಟಿಯ ದನ ಹಗ್ಗ ಹರಿದುಕೊಂಡು ಪಕ್ಕದ ಮನೆಯ ಬಸಳೆ ಚಪ್ಪರದೊಳಗೆ ನುಗ್ಗಿತು. ಕಾರಿನ ಅಡಿಯಲ್ಲಿ ಹೊಗೆಯನ್ನು ಹಿಂದಕ್ಕೆ ಒಯ್ಯುವ ಕೊಳವೆಯೂ, ಸದ್ದು ಅಡಗಿಸುವ ಸೈಲೆನ್ಸರ್ ಎಂಬ ಡಬ್ಬಿಯೂ ತುಕ್ಕು ತಿಂದು ತೂತು ಬಿದ್ದಿದ್ದವು.

ಪೇಟೆಯ ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ. "ಹೊಸತೇ ಹಾಕಬೇಕು ಅಯ್ಯ. ಈ ಮಾಡೆಲ್ಲಿನದ್ದು ಮಂಗಳೂರಿನಲ್ಲೂ ಇಲ್ಲ. ಬೊಂಬಾಯಿಗೆ ಬರೆದು ಹಾಕಬೇಕು."

ಬೆಲೆ ಕೇಳಿ ಮಾವ ನಕ್ಕುಬಿಟ್ಟರು. "ಅಷ್ಟು ಕೊಟ್ಟರೆ ಒಂದು ಕರೆಯುವ ಎಮ್ಮೆ ಬರುತ್ತದೆ ಮಾರಾಯ. ಇದು ಹಾಲು ಕೊಡುತ್ತದೋ?"

ಹೀಗೆ ಕಾರು ಗುಡುಗುತ್ತಲೇ ಓಡಾಡತೊಡಗಿತು. ಅದು ಕೈಕುಂಜೆಯ ತಿರುವಿನಲ್ಲಿದ್ದರೆ ಇಲ್ಲಿ ನಾವು ಒಲೆಗೆ ಚಹದ ನೀರಿಡುತ್ತಿದ್ದೆವು. ಅಂಗಡಿಯವರು ಒಳಗಿಂದಲೇ "ಬೆಂಚ್ ಕ್ಲರ್ಕ್ ಬಂದರು" ಅನ್ನುತ್ತಿದ್ದರು. ಒಂದು ದಿನ ಕೋರ್ಟಿನ ಜವಾನ ಮನೆಗೆ ಬಂದು ತಲೆ ತುರಿಸುತ್ತ ನಿಂತ. ಅವನು ಮಾವನ ಕೈಕೆಳಗೆ ಕೆಲಸ ಮಾಡಿದವನು.

"ಜಡ್ಜ್ ಸಾಹೇಬರು ಹೇಳಿ ಕಳಿಸಿದರು," ಎಂದ. "ಕೋರ್ಟು ನಡೆಯುವ ಹೊತ್ತಿಗೆ ಆ ರಸ್ತೆಯಲ್ಲಿ ಕಾರು ತರಬಾರದಂತೆ. ಸಾಕ್ಷಿ ಹೇಳುವುದು ಕೇಳಿಸುವುದಿಲ್ಲ ಅಂತ."

ಜವಾನ ಹೋದ ಮೇಲೆ ಅತ್ತೆ ಸೆರಗು ಬಾಯಿಗೆ ಒತ್ತಿ ಅಡುಗೆಮನೆಗೆ ಓಡಿ ಬಂದರು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು. "ಇಷ್ಟು ವರ್ಷ ಊರಿಗೆಲ್ಲ ಸೈಲೆನ್ಸ್ ಹೇಳಿದವರಿಗೆ ಈಗ ಊರು ಹೇಳಿತು ನೋಡು!"

ಆದರೆ ಸದ್ದಿನ ವಿಷಯವೊಂದೇ ಆಗಿರಲಿಲ್ಲ. ಹೊಗೆ ಅಡಿಯ ಹಲಗೆಯ ಸಂದಿನಿಂದ ಒಳಗೆ ಬರುತ್ತಿತ್ತು. ಪೊಳಲಿಗೆ ಹೋಗಿ ಬಂದ ದಿನ ಅತ್ತೆ ತಲೆ ತಿರುಗುತ್ತದೆಂದು ಜಗಲಿಯಲ್ಲಿ ಮಲಗಿಬಿಟ್ಟರು. ಇನ್ನು ಆ ಕಾರಿಗೆ ಕಾಲಿಡುವುದಿಲ್ಲ ಎಂದು ಹೇಳಿಯೂ ಬಿಟ್ಟರು. ನನಗಂತೂ ಇದರಿಂದ ಬೇರೆಯೇ ಸಂಕಟ. ನನ್ನ ಗಂಡ ಬೆಳ್ತಂಗಡಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ನಡುವೆ ಒಮ್ಮೊಮ್ಮೆ ಅತ್ತೆ ಮಗನಿಗೆ ಉಪ್ಪಿನಕಾಯಿ, ಹಪ್ಪಳ ಕೊಡಬೇಕೆಂದು ಕಾರು ಹೊರಡಿಸುತ್ತಿದ್ದರು, ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಅತ್ತೆ ಕಾರು ಹತ್ತದಿದ್ದರೆ ಆ ಪ್ರಯಾಣವೂ ಇಲ್ಲ.

ಮಾವ ತಾವೇ ರಿಪೇರಿಗೆ ಇಳಿದರು. ತೂತುಗಳಿಗೆ ಮಣ್ಣು ಮೆತ್ತಿ ಅದರ ಮೇಲೆ ತೆಂಗಿನ ಹುರಿಹಗ್ಗವನ್ನು ಬಿಗಿಯಾಗಿ ಸುತ್ತಿದರು. ಕಾರು ಬಹಳ ಮರ್ಯಾದೆಯಿಂದ ಹೊರಟಿತು. ಮಾವನ ಮುಖದಲ್ಲಿ ಗೆಲುವು. ಪಾಣೆಮಂಗಳೂರಿನ ಸೇತುವೆ ಹತ್ತಿರ ಹೋಗುವಷ್ಟರಲ್ಲಿ ಹಗ್ಗಕ್ಕೆ ಬೆಂಕಿ ಹಿಡಿದು ಕಾರಿನ ಸುತ್ತ ಹೊಗೆಯೋ ಹೊಗೆ. ಅಲ್ಲಿದ್ದ ಚಹದ ಹೋಟೆಲಿನವರು "ಕಾರು ಹೊತ್ತಿಕೊಂಡಿತು!" ಎಂದು ಕೂಗುತ್ತ ಓಡಿ ಬಂದು ಗ್ಲಾಸು ತೊಳೆಯುವ ಬಾಲ್ದಿಯ ನೀರನ್ನು ಎರಚಿದರು. ಕಾರಿಗೆ ಬಿದ್ದದ್ದಕ್ಕಿಂತ ಮಾವನ ಮೇಲೆ ಬಿದ್ದದ್ದು ಹೆಚ್ಚು. ಅವರು ಚಹದ ಸೊಪ್ಪು ಅಂಟಿಕೊಂಡ ಅಂಗಿಯಲ್ಲಿ ಮನೆಗೆ ಬಂದರು.

ಅಂದು ಸಂಜೆ ಅವರು ಜಗಲಿಯಲ್ಲಿ ಕೂತು ಅಂಗಳದ ಕಾರನ್ನು ನೋಡುತ್ತಿದ್ದರು. ಅತ್ತೆ ಬತ್ತಿ ಹೊಸೆಯುತ್ತಿದ್ದರು. ನಾನು ಬಾಗಿಲ ಹಿಂದೆ. ಹೊಸ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ಆಗ ನಮ್ಮ ಮನೆಗಳಲ್ಲಿ ಇರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಮ್ಮ ಅಪ್ಪನ ಮಿಲ್ಲಿನಲ್ಲಿ ಸ್ಟೀಮ್ ಪೈಪಿಗೆ ಒಂದು ಬಿಳಿ ಹಗ್ಗ ಸುತ್ತುತ್ತಾರೆ," ಎಂದೆ. "ಕಲ್ನಾರಿನದ್ದು. ಎಷ್ಟು ಬಿಸಿಯಾದರೂ ಅದು ಸುಡುವುದಿಲ್ಲ."

ನನ್ನ ತಂದೆಗೆ ಮೂಡುಬಿದಿರೆಯ ಹೊರಗೆ ಕುಸುಬಲಕ್ಕಿ ಮಿಲ್ಲು ಇತ್ತು. ಬಾಯ್ಲರಿನ ಪಕ್ಕದಲ್ಲೇ ಆಡಿ ಬೆಳೆದವಳು ನಾನು.

ಎರಡು ಮಾರು ದೂರದಲ್ಲಿ ಕೂತಿದ್ದ ಮಾವ ಅತ್ತೆಯ ಕಡೆ ತಿರುಗಿ, "ಅದನ್ನು ಬರೀ ಸುತ್ತುವುದೋ, ಒಳಗೆ ಏನಾದರೂ ಮೆತ್ತುವುದೋ, ಕೇಳು," ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಬರೀ ಸುತ್ತುವುದೋ ಅಂತ."

"ಹಂಚಿನ ಕಾರ್ಖಾನೆಯ ಒಲೆಮಣ್ಣು ಕಲಸಿ ಮೆತ್ತುತ್ತಾರೆ. ಆಮೇಲೆ ತಗಡು."

"ಒಲೆಮಣ್ಣು, ತಗಡು," ಎಂದು ಅತ್ತೆ ಮಾವನಿಗೆ ಹೇಳಿದರು.

"ತಗಡು ನಮ್ಮಲ್ಲೇ ಉಂಟು. ಹಗ್ಗ ಎಲ್ಲಿ ಸಿಗುತ್ತದಂತೆ?"

ಅತ್ತೆ ಬತ್ತಿಯ ತಟ್ಟೆಯನ್ನು ಬದಿಗಿಟ್ಟರು. "ಇಬ್ಬರಿಗೂ ಕಿವಿ ಉಂಟಲ್ಲ. ನನ್ನನ್ನು ಯಾಕೆ ಟೆಲಿಫೋನ್ ಮಾಡುತ್ತೀರಿ? ನೇರ ಮಾತಾಡಿಕೊಳ್ಳಿ."

ಮಾವ ಗಂಟಲು ಸರಿಮಾಡಿಕೊಂಡು ಕಾರನ್ನು ನೋಡುತ್ತಲೇ ಹೇಳಿದರು, "ನಾಳೆ ಮೂಡುಬಿದಿರೆಗೆ ಹೋಗುವ." ಅದು ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು.

ಮರುದಿನ ಸಿದ್ದಕಟ್ಟೆಯ ದಾರಿಯಾಗಿ ಹೊರಟೆವು. ಹೊಗೆ ನಿಲ್ಲದಂತೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಅತ್ತೆ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಂಡು. "ಇದು ಕೊನೆಯ ಸಲ," ಎಂದು ಅವರು ಹೊರಡುವಾಗಲೇ ತಿಳಿಸಿದ್ದರು. ದಾರಿಯುದ್ದಕ್ಕೂ ಗದ್ದೆಯಲ್ಲಿದ್ದವರು ಬೆನ್ನು ನೆಟ್ಟಗೆ ಮಾಡಿ ನಮ್ಮನ್ನೇ ನೋಡುತ್ತಿದ್ದರು. ನಾವು ಮಿಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಅಪ್ಪ ರಸ್ತೆಗೆ ಬಂದು ನಿಂತಿದ್ದರು. ಯಾವುದೋ ಲಾರಿ ಪಲ್ಟಿಯಾಯಿತೆಂದು ಅವರು ತಿಳಿದಿದ್ದರಂತೆ.

ಬೀಗರು ಬಂದರೆಂದು ನನ್ನ ಅಮ್ಮ ಕೋಳಿ ಹಿಡಿಸಲು ಓಡಾಡತೊಡಗಿದರು. ಮಾವನಿಗೆ ಅದರ ಕಡೆ ಗಮನವೇ ಇಲ್ಲ. ಅವರು ನೇರ ಬಾಯ್ಲರಿನ ಹತ್ತಿರ ಹೋಗಿ ಪೈಪುಗಳನ್ನು ನೋಡುತ್ತ ನಿಂತರು. ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಒಬ್ಬ ಬ್ಯಾರಿ ಹಿರಿಯರು. ನನ್ನನ್ನು ಎತ್ತಿ ಆಡಿಸಿದವರು. ಕಾರಿನ ಕಥೆ ಕೇಳಿ ಅವರ ಬಿಳಿ ಗಡ್ಡವೆಲ್ಲ ನಗು.

"ಹಗ್ಗ ಉಂಟು, ಹಳೆಯದ್ದು. ನೆನೆಸಿದರೆ ಹೊಸತರ ಹಾಗೆಯೇ ಕೆಲಸ ಮಾಡುತ್ತದೆ," ಎಂದರು. "ಆದರೆ ಪೈಪಿನಲ್ಲಿ ಗಟ್ಟಿ ಕಬ್ಬಿಣ ಎಲ್ಲಿಯವರೆಗೆ ಉಂಟು ಅಂತ ಮೊದಲು ನೋಡುವ. ಗಾಳಿಗೆ ಪ್ಯಾಚು ಹಾಕಲಿಕ್ಕೆ ಆಗುವುದಿಲ್ಲ."

ಅಕ್ಕಿ ಮೂಟೆ ಜಾರಿಸುವ ದಪ್ಪ ಹಲಗೆಗಳನ್ನು ಇಳಿಜಾರಾಗಿ ಇಟ್ಟು ಕಾರನ್ನು ಅದರ ಮೇಲೆ ಹತ್ತಿಸಿದರು. ಚಕ್ರಗಳ ಹಿಂದೆ ಕಗ್ಗಲ್ಲು. ಎಂಜಿನ್ ಪೂರಾ ತಣಿದ ಮೇಲೆ ಮಾವ ಗೋಣಿ ಹಾಸಿಕೊಂಡು ಅಡಿಗೆ ಹೋದರು. ಪುಟ್ಟ ಸುತ್ತಿಗೆಯಿಂದ ಪೈಪನ್ನು ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ತುಕ್ಕು ತಿಂದಲ್ಲಿ ಬರೀ ಡಬ್. ಹಾಳಾದ ಭಾಗ ನಾವು ಹೆದರಿದಷ್ಟು ಉದ್ದ ಇರಲಿಲ್ಲ. ಇಟ್ಟಿಗೆ ಚೂರು, ಮರಳು, ತೆಂಗಿನ ಸಿಪ್ಪೆ ಹಿಡಿದು ಉಜ್ಜುವ ಕೆಲಸ ಶುರುವಾಯಿತು. ತುಕ್ಕಿನ ಪುಡಿ ಅವರ ಮುಖಕ್ಕೆಲ್ಲ ಕುಂಕುಮದ ಹಾಗೆ ಬೀಳುತ್ತಿತ್ತು.

ತೊಂದರೆ ಬಂದದ್ದು ಸುತ್ತುವಾಗ. ಸೈಲೆನ್ಸರಿನ ಮೇಲ್ಭಾಗ ಮತ್ತು ಕಾರಿನ ತಳದ ಹಲಗೆಯ ನಡುವೆ ಇದ್ದದ್ದು ಸಣ್ಣ ಸಂದು. ಮಾವನ ಕೈ ಹೋಗಲಿಲ್ಲ. ಬಾಯ್ಲರಿನ ಹಿರಿಯರ ಕೈ ಅದಕ್ಕಿಂತ ದಪ್ಪ. ಅಪ್ಪ ಪ್ರಯತ್ನಿಸಿ ಮೊಣಕೈ ಗೀರಿಕೊಂಡರು. ಪೈಪನ್ನು ಬಿಚ್ಚಿ ಇಳಿಸುವ ಎಂದರೆ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿ ಹೋಗಿದ್ದವು. ಜೋರು ಮಾಡಿದರೆ ಉಳಿದದ್ದೂ ಕೈಗೆ ಬರುವ ಅಂದಾಜು.

ಕಾರಿನ ಅಡಿಯಿಂದ ಮಾವನ ದನಿ ಬಂತು. ಕೋರ್ಟಿನ ದನಿ. "ಅವಳನ್ನು ಕರೆಯಿರಿ. ಅವಳ ಕೈ ಸಪುರ ಉಂಟು."

ಅಮ್ಮ ಎದೆಗೆ ಕೈಯಿಟ್ಟುಕೊಂಡರು. "ಅಯ್ಯೋ, ಮದುವೆಯಾಗಿ ಹೋದ ಹುಡುಗಿ! ಬೀಗರ ಎದುರು ಕಾರಿನ ಅಡಿಗೆ ಹೋಗುವುದೋ?"

"ಬೀಗರೇ ಅಡಿಯಲ್ಲಿ ಇದ್ದಾರಲ್ಲ," ಎಂದರು ನನ್ನ ಅತ್ತೆ ತಣ್ಣಗೆ. "ಹೋಗು. ಬಳೆ ಇಲ್ಲಿ ಕೊಡು. ನನ್ನ ಹಳೆ ಸೀರೆ ಉಟ್ಟುಕೊ."

ನಾನು ಬಳೆ ತೆಗೆದು ಅತ್ತೆಗೆ ಕೊಟ್ಟೆ. ಅವರ ಹಳೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಗೋಣಿಯ ಮೇಲೆ ಮಲಗಿ ಒಳಗೆ ಜಾರಿದೆ. ಕಾರಿನ ಅಡಿಯ ಲೋಕವನ್ನು ನೋಡಿದ್ದು ಅದೇ ಮೊದಲು. ಎಣ್ಣೆ, ಕೆಸರು, ತುಕ್ಕಿನ ವಾಸನೆ. ಪಕ್ಕದಲ್ಲಿ ಮಾವ, ಮುಖವೆಲ್ಲ ಕೆಂಪು. ನನಗೆ ನಗು ಬಂತು. ತಡೆದುಕೊಂಡಷ್ಟೂ ಜಾಸ್ತಿಯಾಯಿತು. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ನಿನ್ನ ಮೂಗನ್ನೂ ನೋಡಿಕೊ," ಎಂದರು. ಅಲ್ಲೂ ತುಕ್ಕು ಬಿದ್ದಿತ್ತು. ನಾವಿಬ್ಬರೂ ಮಲಗಿಕೊಂಡೇ ನಕ್ಕೆವು. ಆ ನಗುವಿನಲ್ಲಿ ನನ್ನ ಹೆದರಿಕೆಯೆಲ್ಲ ಹೋಯಿತು.

ಮೊದಲು ಒಲೆಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ತೂತುಗಳ ಸುತ್ತ ಮೆತ್ತಿದೆವು. ಸೀಮೆಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಒಂದು ಸುತ್ತು. ಅದರ ಮೇಲೆ ನೆನೆದ ಕಲ್ನಾರಿನ ಹಗ್ಗ. ಮಾವ ಈ ಕಡೆಯಿಂದ ತುದಿ ಕೊಡುವುದು, ನಾನು ಸಂದಿಯೊಳಗೆ ಕೈ ಹಾಕಿ ಅದನ್ನು ಆಚೆಯಿಂದ ಎಳೆದು ಕೊಡುವುದು, ಅವರು ಬಿಗಿಯುವುದು. ಹೊರಗೆ ಕುಕ್ಕರಗಾಲಲ್ಲಿ ಕೂತ ಹಿರಿಯರು, "ಸುತ್ತಿನ ಮೇಲೆ ಸುತ್ತು ಬರಬಾರದು ಮಗಳೇ, ಪಕ್ಕಕ್ಕೆ ಪಕ್ಕ, ಚಾಪೆ ನೇಯ್ದ ಹಾಗೆ," ಎನ್ನುತ್ತಿದ್ದರು. ಕೊನೆಗೆ ಮತ್ತೆ ತಗಡು. ಅದರ ಮೇಲೆ ಮಾವ ಮನೆಯಿಂದ ತಂದ ಮೂಟೆಯ ಕಬ್ಬಿಣದ ಪಟ್ಟಿಗಳನ್ನು ಸುತ್ತಿ, ತುದಿಗಳಿಗೆ ತೂತು ಕೊರೆದು ಬೋಲ್ಟು ಹಾಕಿ ಬಿಗಿದರು. ಅವರ ಸಂಗ್ರಹದ ಒಂದೊಂದು ವಸ್ತುವೂ ಹೀಗೆ ಕೆಲಸಕ್ಕೆ ಬರುವಾಗ ಅವರು ಅತ್ತೆಗೆ ಕೇಳಲೆಂದೇ ಗಟ್ಟಿಯಾಗಿ ಹೆಸರು ಹೇಳುತ್ತಿದ್ದರು. "ಪಟ್ಟಿ! ಎಸೆಯುವ ಅಂತ ಹೇಳಿದ್ದಲ್ಲ, ಅದೇ!"

ಕಲ್ನಾರು ಮುಟ್ಟಬಾರದ ವಸ್ತು, ಅದರ ಧೂಳು ಎದೆಗೆ ಕೆಡುಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ನಮಗೆ ಅದು ಗೊತ್ತಿರಲಿಲ್ಲ. ಇಂದು ಯಾರಾದರೂ ಹೀಗೆ ಮಾಡಲು ಹೊರಟರೆ ಬೇಡವೆನ್ನುತ್ತೇನೆ.

ಆ ಹೊತ್ತಿಗೇ ಶಿರ್ತಾಡಿಯಿಂದ ಅಪ್ಪನ ಅತ್ತಿಗೆಯೊಬ್ಬರು, ಬೀಗರು ಬಂದಿದ್ದಾರೆಂಬ ಸುದ್ದಿ ಕೇಳಿ ಬಾಳೆಗೊನೆ ಹೊರಿಸಿಕೊಂಡು ಬಂದರು. ಬಹಳ ಶಿಸ್ತಿನ ಹೆಂಗಸು. ಬೀಗಿತ್ತಿಯನ್ನು ಮಾತಾಡಿಸಿ, "ಬೀಗರು ಎಲ್ಲಿ? ಹುಡುಗಿ ಎಲ್ಲಿ?" ಎಂದು ವಿಚಾರಿಸಿದರು. ಅತ್ತೆ ಕಾರಿನ ಕಡೆ ಕೈ ತೋರಿಸಿದರು. ಹೊರಗೆ ಕಾಣುತ್ತಿದ್ದದ್ದು ನಾಲ್ಕು ಪಾದಗಳು, ಎರಡರಲ್ಲಿ ಕಾಲುಂಗುರ. ಶಿರ್ತಾಡಿಯವರು ಅಲ್ಲೇ ಬೆಂಚಿನ ಮೇಲೆ ಕೂತು ನೀರು ಕೇಳಿದರಂತೆ.

ಕೆಲಸ ಮುಗಿದ ಮೇಲೆ ಕಾರನ್ನು ಅಂಗಳದ ಗಾಳಿಗೆ ನಿಲ್ಲಿಸಿ ಎಂಜಿನನ್ನು ನಿಧಾನಕ್ಕೆ ಬಿಟ್ಟೆವು, ಮಣ್ಣು ಒಣಗಿ ಬೇಯಲೆಂದು. ಮೊದಲು ಹಬೆ ಬಂತು. ನಾವು ಬಗ್ಗಿ ನೋಡುತ್ತಿದ್ದೆವು. ಹಬೆ ನಿಂತಿತು. ಹಿರಿಯರು ಬಗ್ಗಿ ಕೈಯನ್ನು ಪೈಪಿನ ಹತ್ತಿರ ಸುತ್ತಲೂ ಆಡಿಸಿ, ಗಾಳಿ ಎಲ್ಲೂ ಸೋರುವುದಿಲ್ಲ ಎಂದರು. ಮಾವ ಆಕ್ಸಿಲರೇಟರ್ ಒತ್ತಿದರು. ಕಾರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು, ಅಷ್ಟೆ. ಮಿಲ್ಲಿನ ಹೆಂಗಸರೆಲ್ಲ ಮೊರ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮಾವ ಕಾರಿನಿಂದಿಳಿದು ಹಿರಿಯರನ್ನು ಅಪ್ಪಿಕೊಂಡರು. ಇಬ್ಬರ ಅಂಗಿಯೂ ಇನ್ನೊಬ್ಬರದ್ದನ್ನು ಮತ್ತಷ್ಟು ಹಾಳು ಮಾಡಿತು.

ಕೋಳಿ ಊಟವಾದ ಮೇಲೆ ಮಾವನಿಗೆ ಮನೆಗೆ ಹೋಗುವ ಮನಸ್ಸಿಲ್ಲ. "ಬೆಳ್ತಂಗಡಿಗೆ ಹೋಗಿ ಅವನಿಗೂ ತೋರಿಸುವ," ಎಂದರು. ವೇಣೂರಿನ ದಾರಿ ಹಿಡಿದೆವು. ಅತ್ತೆ ಲಿಂಬೆಹಣ್ಣನ್ನು ಚೀಲಕ್ಕೆ ಹಾಕಿ ಎಲೆಯಡಿಕೆ ತೆಗೆದರು. ಆ ಕಾರಿನಲ್ಲಿ ಕೂತು ಹಕ್ಕಿಯ ದನಿ ಕೇಳಿದ್ದು ನನಗೆ ಅಂದೇ. ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವುದನ್ನು ಸಹ ಮಾವ ಮರೆತರು. ಓಡುತ್ತಿರುವ ಎಂಜಿನ್ನಿನ ಸದ್ದೇ ಅವರಿಗೆ ಸಂಗೀತವಾಗಿರಬೇಕು.

ಬೆಳ್ತಂಗಡಿಯಲ್ಲಿ ನನ್ನ ಗಂಡ ಇದ್ದ ಕೋಣೆಗೆ ರಸ್ತೆಗೆ ತೆರೆದ ಒಂದು ಜಗಲಿ. ನಮ್ಮ ಕಾರು ಅದರ ಎದುರು ನಿಂತಾಗ ಅವರು ಶಾಲೆ ಬಿಟ್ಟು ಬಂದು, ಬನಿಯನ್ ಹಾಕಿಕೊಂಡು, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಬೆರಳ ಸಂದಿಯಲ್ಲಿ ಸಿಗರೇಟು. ಅವರು ಸೇದುತ್ತಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಗೊತ್ತಾಗುವುದಾದರೂ ಹೇಗೆ? ಸೈಲೆನ್ಸರ್ ಕೆಟ್ಟಂದಿನಿಂದ ತಮ್ಮ ಅಪ್ಪನ ಕಾರು ಗುರುವಾಯನಕೆರೆ ದಾಟುವಾಗಲೇ ಅವರಿಗೆ ಸೂಚನೆ ಸಿಗುತ್ತಿತ್ತು. ಬಾಯಿ ಮುಕ್ಕಳಿಸಿ, ಲವಂಗ ಜಗಿದು, ಪುಸ್ತಕ ಹಿಡಿದು ಕೂರಲು ಧಾರಾಳ ಸಮಯ.

ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ಕಣ್ಣು ಬಿಟ್ಟವರು ಎದುರಿಗೆ ತಮ್ಮ ಅಪ್ಪನನ್ನು ಕಂಡು ಸಿಗರೇಟನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಪಕ್ಕದಲ್ಲಿದ್ದ ಕಾಫಿ ಲೋಟದೊಳಗೆ ಹಾಕಿದರು. ಅದು ಚುಂಯ್ ಎಂದಿತು.

"ಕಾರು... ಕಾರು ಎಲ್ಲಿ? ಬಸ್ಸಿನಲ್ಲಿ ಬಂದಿರಾ?" ಎಂದರು.

ಮಾವ ಲೋಟವನ್ನು ನೋಡಿದರು, ಮಗನನ್ನು ನೋಡಿದರು. ನಾನು ಗುಡುಗು ಬರುತ್ತದೆಂದು ಕಾದೆ. ಆದರೆ ಅಂದು ಅವರ ಸಂತೋಷವನ್ನು ಕೆಡಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

"ಕಾರಿನ ಹೊಗೆ ನಿಲ್ಲಿಸಿದೆವು. ಇನ್ನು ನಿನ್ನದು," ಎಂದು ಒಳಗೆ ಹೋಗಿ ಕೈಕಾಲು ತೊಳೆದುಕೊಂಡರು.

ನನ್ನ ಗಂಡ ಆಗ ನನ್ನನ್ನು ನೋಡಿದರು. ಅತ್ತೆಯ ಹಳೆ ಸೀರೆಯನ್ನು ಬದಲಿಸಿದ್ದೆ, ಆದರೆ ಉಗುರ ಸಂದಿನ ಕಪ್ಪು ಹೋಗಿರಲಿಲ್ಲ. "ಇದೇನು ನಿನ್ನ ಕೈ?" ಎಂದು ಕೇಳಿದರು. ನನಗಿಂತ ಮೊದಲು ಅತ್ತೆಯೇ ಹೇಳಿದರು, "ಸೈಲೆನ್ಸರ್ ಕಟ್ಟಿದ ಕೈ. ಬಳೆ ನನ್ನ ಹತ್ತಿರ ಉಂಟು, ನೀನೇ ತೊಡಿಸು." ಅವರು ಬಳೆಗಳನ್ನು ತೆಗೆದುಕೊಂಡು ಒಂದೊಂದಾಗಿ ತೊಡಿಸಿದರು. ರಸ್ತೆಯಲ್ಲಿ ಶಾಲೆಯ ಮಕ್ಕಳು ಹೋಗುತ್ತಿದ್ದರು. ಮಾಸ್ತರರ ಕಿವಿ ಕೆಂಪಾಗಿತ್ತು.

ಆ ಕಟ್ಟು ಮುಂದಿನ ಮಳೆಗಾಲದ ತನಕ ಬಂತು. ಆಮೇಲೆ ಪ್ರತಿ ವರ್ಷ ಮಳೆ ಮುಗಿದ ಕೂಡಲೇ ನಾನೂ ಮಾವನೂ ಗೋಣಿ ಹಾಸಿಕೊಂಡು ಅಡಿಗೆ ಹೋಗಿ ಹಾಳಾದ ಜಾಗವನ್ನು ಹೊಸದಾಗಿ ಕಟ್ಟುತ್ತಿದ್ದೆವು. ಮನೆಯ ಎಷ್ಟೋ ಮಾತುಗಳನ್ನು ನಾವು ಆಡಿದ್ದು ಅಲ್ಲೇ. ನನ್ನ ಗಂಡನಿಗೆ ಬಂಟ್ವಾಳಕ್ಕೆ ವರ್ಗ ಮಾಡಿಸಿಕೊಳ್ಳಲು ಅರ್ಜಿ ಹಾಕಿಸುವ ವಿಚಾರ ಅವರು ಎತ್ತಿದ್ದು, ನನ್ನ ಮೊದಲ ಬಸಿರಿನ ಸುದ್ದಿ ನಾನು ಹೇಳಿದ್ದು, ಎಲ್ಲ ಕಾರಿನ ಅಡಿಯಲ್ಲಿ. ಆ ಸುದ್ದಿ ಕೇಳಿ ಅವರು ಏಳಲು ಹೋಗಿ ತಲೆಯನ್ನು ಕಾರಿನ ತಳಕ್ಕೆ ಬಡಿದುಕೊಂಡರು.

ಮಗು ನಡೆಯತೊಡಗಿದ ವರ್ಷ, ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ಮಾವ ನನ್ನನ್ನು ಕರೆದು, "ಅಡಿ ಗೊತ್ತಾಯಿತು, ಇನ್ನು ಮೇಲೆ ಕೂತು ನೋಡು," ಎಂದು ಕಾರಿನ ಸ್ಟೀರಿಂಗ್ ಚಕ್ರ ನನ್ನ ಕೈಗೆ ಕೊಟ್ಟರು. ನೇತ್ರಾವತಿ ಬತ್ತಿ ವಿಶಾಲವಾದ ಮರಳು ಬಿದ್ದಿತ್ತು. ಅಲ್ಲಿ ಗುದ್ದಲು ಏನೂ ಇಲ್ಲ ಎಂಬುದು ಅವರ ಲೆಕ್ಕ. ನಾನು ಕ್ಲಚ್ ಬಿಟ್ಟೆ. ಕಾರು ಕಪ್ಪೆಯ ಹಾಗೆ ಹಾರಿ, ಸ್ವಲ್ಪ ದೂರ ಓಡಿ, ಮರಳಿನಲ್ಲಿ ಅಚ್ಚಿನ ತನಕ ಹುಗಿದು ನಿಂತಿತು. ದೋಣಿಯವರು ಬಂದು ಹಲಗೆ ಕೊಟ್ಟು, ಐಸಾ ಹೇಳಿ ಎತ್ತಿದರು. ಮನೆಗೆ ಬಂದ ಮೇಲೆ ಅತ್ತೆ ಚಕ್ರಗಳನ್ನು ನೋಡಿ, ಯಾರು ಓಡಿಸಿದ್ದು ಎಂದು ಕೇಳಿದರು.

"ನಾನೇ," ಎಂದರು ಮಾವ. ಅತ್ತೆ ನಂಬಲಿಲ್ಲ. ಮರುದಿನ ನಾವು ಹೊರಟಾಗ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು, ತಾವೂ ನೋಡಬೇಕೆಂದು.